ಓದುಗರ ಪ್ರಶ್ನೆ: ಅಸಲಿ ವಿಲ್ಲಿಸ್ ಯಾವುದು, ಕಟ್ಟಿಸಿದ್ದು ಯಾವುದು?

ಪ್ರಶ್ನೆ: ಹಾಸನದಲ್ಲಿ ಒಬ್ಬರು 1944ರ ವಿಲ್ಲಿಸ್ ಜೀಪು ಮಾರಾಟಕ್ಕಿಟ್ಟಿದ್ದಾರೆ. ಹದಿಮೂರು ಲಕ್ಷ ಹೇಳುತ್ತಾರೆ. ಬಾನೆಟ್ ಮೇಲೆ ಬಿಳಿ ನಕ್ಷತ್ರ, ಮಿಲಿಟರಿ ಹಸಿರು, ಹಿಂದುಗಡೆ ಸ್ಟೆಪ್ನಿ, ಜೆರಿಕ್ಯಾನ್ ಎಲ್ಲ ಇವೆ. ಮುಂದಿನ ಗ್ರಿಲ್‌ನಲ್ಲಿ ಒಂಬತ್ತು ಸೀಳು. ಡ್ಯಾಶ್‌ಬೋರ್ಡಿನಲ್ಲಿ ಇಸವಿ ಇರುವ ತಗಡು ಇದೆ, ಆರ್‌ಸಿಯಲ್ಲೂ ‘ವಿಲ್ಲಿಸ್’ ಎಂದೇ ಇದೆ. ಸ್ಟಿಯರಿಂಗ್ ಬಲಗಡೆ. ನಂಬಬಹುದೇ?
— ಸಕಲೇಶಪುರದ ಓದುಗರು

ಉತ್ತರ: ನೀವು ಪಟ್ಟಿ ಮಾಡಿದ ಯಾವುದೂ ಸಾಕ್ಷಿಯಾಗುವುದಿಲ್ಲ. ನಕ್ಷತ್ರ, ಜೆರಿಕ್ಯಾನ್, ಡ್ಯಾಶ್‌ಬೋರ್ಡಿನ ತಗಡು, ಒಂಬತ್ತು ಸೀಳಿನ ಗ್ರಿಲ್ ಎಲ್ಲವೂ ಹೊಸದಾಗಿ ಸಿಗುತ್ತವೆ. ಇಡೀ ಬಾಡಿಯೇ ಸಿಗುತ್ತದೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೀಪು ಕಟ್ಟುವುದು ದೊಡ್ಡ ಕಸುಬು. ಫಿಲಿಪ್ಪೀನ್ಸ್‌ನಲ್ಲಿ ತಯಾರಾಗುವ ಬಾಡಿಗಳಂತೂ ಮೂಲಕ್ಕೆ ಬಹಳ ಹತ್ತಿರ. ಆರ್‌ಸಿಯ ‘ವಿಲ್ಲಿಸ್’ ಪದಕ್ಕೂ ಹೆಚ್ಚು ತೂಕ ಕೊಡಬೇಡಿ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಿಂದ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನೇ ಜೋಡಿಸುತ್ತಿತ್ತು. ಹಾಗಾಗಿ ಎರಡನೇ ಮಹಾಯುದ್ಧದ ನಂತರದ ಜೀಪಿನ ಕಾಗದದಲ್ಲೂ ಆ ಹೆಸರು ಇರಬಹುದು.

ಬಲಗಡೆ ಸ್ಟಿಯರಿಂಗ್ ಎಂಬ ಮಾತಿಗೆ ಮಾತ್ರ ಕಿವಿಗೊಡಬೇಕು. ಯುದ್ಧಕಾಲದ ವಿಲ್ಲಿಸ್ ಎಂಬಿ, ಅದೇ ವಿನ್ಯಾಸದಲ್ಲಿ ಫೋರ್ಡ್ ಕಂಪನಿ ತಯಾರಿಸಿದ ಜೋಡಿ ಫೋರ್ಡ್ ಜಿಪಿಡಬ್ಲ್ಯೂ, ಎರಡೂ ಎಡಗಡೆ ಸ್ಟಿಯರಿಂಗ್‌ನವು. ನಮ್ಮಲ್ಲಿ ಎಷ್ಟೋ ಅಸಲಿ ಜೀಪುಗಳಿಗೆ ಆಮೇಲೆ ಬಲಕ್ಕೆ ಬದಲಾಯಿಸಿದ್ದಾರೆ, ಅದು ದೋಷವಲ್ಲ. ಆದರೆ ಬದಲಾಯಿಸಿದ ಗುರುತು ಇರಲೇಬೇಕು: ಎಡ ಚಾಸಿಸ್ ಕಂಬಿಯ ಮೇಲೆ ಹಳೆಯ ಸ್ಟಿಯರಿಂಗ್ ಬಾಕ್ಸ್ ಕೂತಿದ್ದ ತೂತುಗಳು, ಎಡಗಡೆ ನೆಲಹಾಸಿನಲ್ಲಿ ಪೆಡಲ್ ಜಾಗ ಮುಚ್ಚಿದ ತೇಪೆ. ಅವು ಇಲ್ಲದಿದ್ದರೆ ಅನುಮಾನಕ್ಕೆ ಕಾರಣವಿದೆ.

ಟಾರ್ಚ್, ವೈರ್ ಬ್ರಷ್, ಸೀಮೆಎಣ್ಣೆ ಬಟ್ಟೆ, ಟೇಪು, ಒಂದು ಅಯಸ್ಕಾಂತ ಹಿಡಿದು ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಿ. ಮೊದಲು ಗ್ರಿಲ್ ಮುಂದೆ ನಿಲ್ಲಿ. ಎಂಬಿಯ ಹೆಡ್‌ಲೈಟುಗಳು ಗ್ರಿಲ್‌ನ ಒಳಗೆ ಹಿಂದಕ್ಕೆ ಕೂತಿರುತ್ತವೆ. ಒಂದು ನಟ್ ಸಡಿಲಿಸಿದರೆ ದೀಪವನ್ನು ಹಿಮ್ಮುಖವಾಗಿ ಮಗುಚಿ ರಾತ್ರಿ ಎಂಜಿನ್ ಮೇಲೆ ಬೆಳಕು ಬೀಳುವಂತೆ ಮಾಡಬಹುದು. ಕಟ್ಟಿಸಿದ ಜೀಪುಗಳಲ್ಲಿ ಈ ಕೀಲನ್ನು ಹೆಚ್ಚಾಗಿ ಮರೆತಿರುತ್ತಾರೆ. ಮುಂದಿನ ಗಾಜು ಎರಡು ತುಂಡಿನದಾಗಿರಬೇಕು. ಹಿಂದೆ ತೆರೆಯುವ ಬಾಗಿಲು ಇರಕೂಡದು. ಪೆಟ್ರೋಲ್ ಮುಚ್ಚಳ ಹೊರಗೆ ಕಾಣಬಾರದು, ಅದು ಎಡ ಸೀಟಿನ ಕೆಳಗೆ ಇರುತ್ತದೆ. ಸೀಟು ಎತ್ತಿಸಿ ನೋಡಿ, ಆಮೇಲೆ ಕೆಳಗೆ ನುಸುಳಿ: ಟ್ಯಾಂಕ್ ಕೂರಲು ನೆಲದ ತಗಡು ಬುಟ್ಟಿಯಂತೆ ಕೆಳಕ್ಕಿಳಿದಿರಬೇಕು.

ಕೆಳಗೆ ನುಸುಳಿದ ಮೇಲೆ ಬೇಗ ಏಳಬೇಡಿ, ತೀರ್ಮಾನ ಆಗುವುದು ಅಲ್ಲೇ. ಹಿಂದಿನ ಚಕ್ರದ ಹಬ್ ನೋಡಿ. ಎಂಬಿಯಲ್ಲಿ ಆಕ್ಸಲ್ ಫುಲ್ ಫ್ಲೋಟಿಂಗ್, ಅಂದರೆ ಗಾಡಿಯ ಭಾರವನ್ನು ಹೊರಗಿನ ಕವಚ ಹೊರುತ್ತದೆ, ಒಳಗಿನ ಶಾಫ್ಟ್ ಚಕ್ರ ತಿರುಗಿಸುತ್ತದೆ ಅಷ್ಟೇ. ಹಬ್ಬಿನ ನಡುವಿನ ತಟ್ಟೆಗೆ ಸುತ್ತಲೂ ಆರು ಬೋಲ್ಟ್. ಮಹೀಂದ್ರ ಸಿಜೆ-3ಬಿಯಂಥ ನಂತರದ ಜೀಪುಗಳಲ್ಲಿ ನಡುವೆ ಪಿನ್ ಹಾಕಿದ ಒಂದೇ ದೊಡ್ಡ ನಟ್. ಬಾಡಿ ಕಟ್ಟುವವರು ಹಿಂದಿನ ಆಕ್ಸಲ್‌ಗೆ ಅಪರೂಪಕ್ಕೆ ಕೈ ಹಾಕುತ್ತಾರೆ, ಹಾಗಾಗಿ ಈ ಒಂದು ನೋಟ ಬಹಳ ಹೇಳುತ್ತದೆ.

ಆಕ್ಸಲ್ ಅನುಪಾತವನ್ನೂ, ಅಂದರೆ ಚಕ್ರಗಳ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತುತ್ತದೆ ಎಂಬುದನ್ನೂ, ಎಣಿಸಬಹುದು. ಮುಂದಿನ ಚಕ್ರಗಳಿಗೆ ಎರಡೂ ಬದಿ ಅಡೆಕಲ್ಲು ಕೊಡಿ. ಈ ಜೀಪುಗಳ ಹ್ಯಾಂಡ್‌ಬ್ರೇಕ್ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಒಂದು ಹಿಂದಿನ ಚಕ್ರ ಎತ್ತಿದೊಡನೆ ಡಿಫರೆನ್ಷಿಯಲ್‌ನಿಂದಾಗಿ ಅದು ಗಾಡಿಯನ್ನು ನಿಲ್ಲಿಸುವುದಿಲ್ಲ. ಅಡೆಕಲ್ಲು ಮರೆತವರ ಮೇಲೆ ಜೀಪು ಉರುಳಿಬಿಡುತ್ತದೆ. ಒಂದೇ ಹಿಂದಿನ ಚಕ್ರವನ್ನು ಜ್ಯಾಕ್‌ನಲ್ಲಿ ಎತ್ತಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಫೋರ್‌ವೀಲ್ ಬಿಡಿಸಿ, ಹ್ಯಾಂಡ್‌ಬ್ರೇಕ್ ಸಡಿಲಿಸಿ. ಶಾಫ್ಟ್‌ಗೆ ಸೀಮೆಸುಣ್ಣದ ಗುರುತು ಹಾಕಿ ಆ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ (ಇನ್ನೊಂದು ಹಿಂದಿನ ಚಕ್ರ ನಿಂತೇ ಇರುವುದರಿಂದ ಎರಡು ಸುತ್ತು ಬೇಕು). ಶಾಫ್ಟ್ ಐದಕ್ಕೆ ಚೂರು ಕಡಿಮೆ ಸುತ್ತಿದರೆ 4.88, ಎಂಬಿಯದ್ದು ಅಷ್ಟೇ. ಐದೂ ಕಾಲು ದಾಟಿದರೆ 5.38, ಅದು ಸಿಜೆ-3ಬಿಯ ಸಾಮಾನ್ಯ ಅನುಪಾತ. 4.88 ಬಂದ ಮಾತ್ರಕ್ಕೆ ಅಸಲಿ ಎಂದಾಗುವುದಿಲ್ಲ. 5.38 ಬಂದರೆ ಆಕ್ಸಲ್ ಬೇರೆ ಜೀಪಿನದು, ಅಥವಾ ಒಳಗಿನ ಗೇರು ಬದಲಾಗಿದೆ.

ಇನ್ನು ನಂಬರು. ಎಂಬಿಯಲ್ಲಿ ಎಡ ಚಾಸಿಸ್ ಕಂಬಿಯ ಮುಂತುದಿಯಲ್ಲಿ, ಬಂಪರಿನ ಹಿಂದೆ ಒಳಬದಿಗೆ ಚಿಕ್ಕ ತಗಡಿನಲ್ಲಿ ನಂಬರು ಇರುತ್ತದೆ. ಫೋರ್ಡ್‌ನಲ್ಲಿ ಎಡ ಕಂಬಿಯ ಮೇಲ್ಮೈಯಲ್ಲೇ, ಎಂಜಿನ್ ಮೌಂಟಿಗಿಂತ ಮುಂದೆ ಕೆತ್ತಿರುತ್ತಾರೆ. ಗ್ರೀಸು, ಬಣ್ಣ ತೆಗೆದು ಟಾರ್ಚನ್ನು ಅಡ್ಡಲಾಗಿ ಹಿಡಿಯಿರಿ. ಅಕ್ಷರದ ಸುತ್ತ ಗ್ರೈಂಡರ್ ಗೀರು, ಒಂದು ಕಡೆ ತಗ್ಗಿದ ಉಕ್ಕು, ವೆಲ್ಡಿಂಗ್ ತುಂಬಿ ಉಜ್ಜಿದ ನುಣುಪು ಕಂಡರೆ ನಂಬರು ಮತ್ತೆ ಹೊಡೆದದ್ದು. ಅಂಥದ್ದಕ್ಕೆ ಆರ್‌ಟಿಒ ದಾಖಲೆ ಇಲ್ಲದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ವಾಪಸು ಬನ್ನಿ. ಕದ್ದ ಗಾಡಿಯ ತಲೆನೋವು ನಿಮ್ಮ ಹೆಗಲಿಗೆ ಬರುತ್ತದೆ. ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ದುಂಡನೆಯ ಕೊಳವೆಯಾದರೆ ವಿಲ್ಲಿಸ್ ಚಾಸಿಸ್, ಬೋರಲು ಹಾಕಿದ ದೋಣಿಯಂತಿದ್ದರೆ ಫೋರ್ಡ್. ಫೋರ್ಡ್‌ನ ಬಿಡಿಭಾಗಗಳ ಮೇಲೆ, ಬೋಲ್ಟ್ ತಲೆಗಳ ಮೇಲೂ, ಇಂಗ್ಲಿಷಿನ ‘ಎಫ್’ ಅಕ್ಷರ ಇರುತ್ತದೆ. ಚಕ್ರದ ಮಧ್ಯದಿಂದ ಮಧ್ಯಕ್ಕೆ ಎರಡೂ ಬದಿ ಅಳೆಯಿರಿ: 80 ಇಂಚು, ಅಂದರೆ 2,032 ಮಿ.ಮೀ. ಸಿಜೆ-3ಬಿಯೂ ಅಷ್ಟೇ ಉದ್ದ ಎಂಬುದು ನೆನಪಿರಲಿ. ಉದ್ದದ ಜೀಪನ್ನು ಕತ್ತರಿಸಿ ಬೆಸೆದಿದ್ದರೆ ಎಡ ಬಲ ಅಳತೆಯಲ್ಲಿ ವ್ಯತ್ಯಾಸ ಬರುವುದುಂಟು, ಕಂಬಿಯಲ್ಲಿ ಬೆಸುಗೆಯ ಏಣೂ ಸಿಗುತ್ತದೆ.

ಪ್ರಶ್ನೆ: ‘ಎಂಜಿನ್ ನಂಬರು, ಚಾಸಿಸ್ ನಂಬರು ಒಂದೇ, ಅದಕ್ಕೇ ಬೆಲೆ ಜಾಸ್ತಿ’ ಎಂದು ವಿಲ್ಲಿಸ್ ಎಂಬಿ ಮಾರುವವರು ಹೇಳುತ್ತಾರೆ. ಎಂಜಿನ್ ಅಸಲಿ ಎಂದು ತಿಳಿಯುವುದು ಹೇಗೆ?
— ಮಡಿಕೇರಿಯ ಓದುಗರು

ಉತ್ತರ: ಈ ಮಾತು ಕೇಳಿದ ಕೂಡಲೇ ಎಚ್ಚರವಾಗಿ. ಫೋರ್ಡ್ ಕಾರ್ಖಾನೆಯಲ್ಲಿ ಎರಡು ನಂಬರೂ ಒಂದೇ ಇರುತ್ತಿದ್ದವು. ವಿಲ್ಲಿಸ್‌ನಲ್ಲಿ ಆ ಪದ್ಧತಿ ಇರಲಿಲ್ಲ. ಹಾಗಾಗಿ ಎಂಬಿಯಲ್ಲಿ ನಂಬರು ಹೊಂದಿದೆ ಎಂದರೆ ಯಾರೋ ಆಮೇಲೆ ಹೊಂದಿಸಿದ್ದಾರೆ.

ಬಾನೆಟ್ ತೆಗೆದು ನೋಡಿದರೆ ಎಂಜಿನ್ ತಾನೇ ಗುರುತು ಹೇಳುತ್ತದೆ. ಯುದ್ಧಕಾಲದ ‘ಗೋ ಡೆವಿಲ್’ ಸೈಡ್ ವಾಲ್ವ್ ಎಂಜಿನ್. ಹೆಡ್ ಚಪ್ಪಟೆ, ಮೇಲೆ ರಾಕರ್ ಕವರ್ ಇಲ್ಲ, ನಾಲ್ಕೂ ಸ್ಪಾರ್ಕ್ ಪ್ಲಗ್ ನೆತ್ತಿಯಲ್ಲಿ. ನಂತರ ಬಂದ ‘ಹರಿಕೇನ್’ನಲ್ಲಿ ಮೇಲುಗಡೆ ಕವರ್ ಇದೆ, ಎತ್ತರವೂ ಜಾಸ್ತಿ. ಸಿಜೆ-3ಬಿಯ ಬಾನೆಟ್ ಎತ್ತರವಾದದ್ದೇ ಅದಕ್ಕಾಗಿ. ಎರಡರ ಸಿಸಿಯೂ 2,199 ಆದ್ದರಿಂದ ಆರ್‌ಸಿ ನೋಡಿ ಬೇರ್ಪಡಿಸಲಾಗದು. ಗೋ ಡೆವಿಲ್‌ನ ನಂಬರು ಬ್ಲಾಕಿನ ಬಲಗಡೆ ಮುಂಭಾಗದಲ್ಲಿ, ಆಯಿಲ್ ಫಿಲ್ಟರ್ ಹತ್ತಿರದ ಉಬ್ಬಿನ ಮೇಲಿರುತ್ತದೆ.

ಡೀಸೆಲ್ ಎಂಜಿನ್ ಕೂರಿಸಿದ್ದರೆ ಗೇರ್‌ಬಾಕ್ಸ್ ಬಗ್ಗೆಯೂ ಕೇಳಿ. ಎಂಬಿಯ ಟಿ-84 ಗೇರ್‌ಬಾಕ್ಸ್ 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್‌ಗೆಂದು ಮಾಡಿದ ಸಣ್ಣ ಪೆಟ್ಟಿಗೆ. ಘಾಟಿಯಲ್ಲಿ ಭಾರ ಎಳೆಯುವಾಗ ಡೀಸೆಲ್‌ನ ತಿರುಚುಬಲಕ್ಕೆ ಅದರ ಹಲ್ಲುಗಳು ತಡೆಯುವುದಿಲ್ಲ.

ಪ್ರಶ್ನೆ: ನಮ್ಮದು ಸಿಜೆ-3ಬಿ ಚಾಸಿಸ್, ಮೇಲೆ ತಗ್ಗು ಬಾನೆಟ್‌ನ ಹೊಸ ಬಾಡಿ. ಮಾರಬೇಕು. ‘ವಿಲ್ಲಿಸ್’ ಎಂದು ಜಾಹೀರಾತು ಕೊಡಬಹುದೇ?
— ಮೂಡಿಗೆರೆಯ ಓದುಗರು

ಉತ್ತರ: ದಯವಿಟ್ಟು ಬೇಡ. ‘ಮಹೀಂದ್ರ ಸಿಜೆ-3ಬಿ, ಎಂಬಿ ಮಾದರಿಯ ಹೊಸ ಬಾಡಿ’ ಎಂದು ಬರೆಯಿರಿ. ತೋಟದ ಕೆಲಸಕ್ಕೆ, ಭಾನುವಾರದ ಸುತ್ತಾಟಕ್ಕೆ ಅಂಥ ಜೀಪು ಹುಡುಕುವವರು ಬೇಕಾದಷ್ಟಿದ್ದಾರೆ. ಅವರು ಕೊಡುವ ಬೆಲೆಯೇ ನಿಮ್ಮ ಜೀಪಿನ ನ್ಯಾಯವಾದ ಬೆಲೆ. ಮಾರಾಟ ಪತ್ರದಲ್ಲಿ ಚಾಸಿಸ್, ಎಂಜಿನ್, ಗೇರ್‌ಬಾಕ್ಸ್, ಬಾಡಿ ಪ್ರತಿಯೊಂದೂ ಎಲ್ಲಿಯದು ಎಂದು ಒಂದೊಂದು ಸಾಲು ಸೇರಿಸಿ, ನಂಬರುಗಳ ಫೋಟೊ ಲಗತ್ತಿಸಿ ಇಬ್ಬರೂ ಸಹಿ ಹಾಕಿ. ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ತಾಳೆಯಾಗದಿದ್ದರೆ ಗಾಡಿಯ ಮೂಲ ವಿವರ ಬದಲಾಯಿಸುವುದನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಅದನ್ನು ಆರ್‌ಟಿಒದಲ್ಲಿ ಇತ್ಯರ್ಥಪಡಿಸಿಕೊಂಡ ಮೇಲೆಯೇ ಮಾಲೀಕತ್ವ ವರ್ಗಾವಣೆಯ 29, 30ನೇ ಫಾರಂ ತುಂಬಿ.

ಪ್ರಶ್ನೆ: ಇಂಥ ಜೀಪಿಗೆ ವಿಂಟೇಜ್ ನೋಂದಣಿ ಸಿಗುತ್ತದೆಯೇ?
— ಬೆಂಗಳೂರಿನ ಓದುಗರು

ಉತ್ತರ: ಕಟ್ಟಿಸಿದ್ದಕ್ಕೆ ಸಿಗದು. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನವೀಕರಣಕ್ಕೆ 5,000, ಅವಧಿ 10 ವರ್ಷ. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಈಗಾಗಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಆದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ, ದುರಸ್ತಿಗೆ ಮಾತ್ರ ರಸ್ತೆಗಿಳಿಸಬಹುದು. ತೋಟಕ್ಕೆ ಗೊಬ್ಬರ ಹೊರುವ ಜೀಪಾದರೆ ಈ ದಾರಿ ಹಿಡಿಯಬೇಡಿ.