ತಮ್ಮನನ್ನು ಮಾಡರೇಟ್ ಮಾಡುವುದು ಹೇಗೆ ಅಂತ ಕೇಳಿದವರಿಗೆ

ಗಲ್ಫಿನಿಂದ ಬಂದ ತಮ್ಮ ಗಡ್ಡ ಬಿಟ್ಟಿದ್ದಾನೆ, ಐದು ಹೊತ್ತಿನ ನಮಾಜು ತಪ್ಪಿಸುವುದಿಲ್ಲ, ಉಳ್ಳಾಲದ ದರ್ಗಾದ ಉರೂಸಿಗೆ ಬರುವುದಿಲ್ಲ ಅನ್ನುತ್ತಾನೆ, ಅಪ್ಪನ ಜೊತೆ ದಿನಾ ಜಗಳ, ಅವನನ್ನು ಸ್ವಲ್ಪ ಮಾಡರೇಟ್ ಮಾಡುವುದು ಹೇಗೆ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲಿ ಆ ತಮ್ಮನ ಪಾತ್ರ ನನ್ನದಾಗಿತ್ತು. ನಾವು ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕರು. ಉರೂಸ್ ಇದ್ದಲ್ಲಿ ಮೊಂತಿ ಫೆಸ್ತ್, ಅಂದರೆ ಮೇರಿಯಮ್ಮನ ಹೆಸರಿನ ಹೊಸ ತೆನೆಯ ಹಬ್ಬ, ಅಂತ ಓದಿಕೊಳ್ಳಿ, ಬಾಕಿ ಎಲ್ಲ ಅದೇ.

2009ರಲ್ಲಿ ಇಸ್ರೇಲಿಗೆ ಹೋದೆ. ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನಮ್ಮ ಮಂಗಳೂರು, ಉಡುಪಿ ಕಡೆಯ ತುಂಬಾ ಜನ ಇದೇ ಕೆಲಸಕ್ಕೆ ಅಲ್ಲಿಗೆ ಹೋಗುತ್ತಾರೆ. ನನಗೆ ಸಿಕ್ಕಿದ್ದು ಜೆರುಸಲೇಮಿನ ಒಬ್ಬ ಯಹೂದಿ ಅಜ್ಜಿ. ಭಯಂಕರ ಮಡಿ. ಮಾಂಸದ ಪಾತ್ರೆಗೆ ಒಂದು ಸಿಂಕು, ಹಾಲಿನ ಪಾತ್ರೆಗೆ ಇನ್ನೊಂದು. ಸಿಗಡಿ ಮನೆಯೊಳಗೆ ತರುವಂತೆಯೇ ಇಲ್ಲ, ಅಮ್ಮ ಕಳಿಸಿದ ಒಣಸಿಗಡಿ ಚಟ್ನಿಯನ್ನು ಗೆಳತಿಯ ರೂಮಿನಲ್ಲಿಟ್ಟು ರಜೆಯ ದಿನ ಹೋಗಿ ತಿನ್ನುತ್ತಿದ್ದೆ. ಶುಕ್ರವಾರ ಸೂರ್ಯ ಮುಳುಗಿದರೆ ಶನಿವಾರ ಕತ್ತಲಾಗುವವರೆಗೆ ಅವರ ಸಬ್ಬತ್, ಕೆಲಸ ಮಾಡಬಾರದ ಪವಿತ್ರ ದಿನ, ಅಜ್ಜಿ ಲೈಟಿನ ಸ್ವಿಚ್ ಮುಟ್ಟುವುದಿಲ್ಲ. ನನಗೆ ಹಾಕು ಅಂತ ಹೇಳುವುದೂ ತಪ್ಪು. ‘ಈ ಕೋಣೆ ಎಷ್ಟು ಕತ್ತಲೆ ಅಲ್ವಾ’ ಅಂತ ಗೋಡೆ ನೋಡಿಕೊಂಡು ಹೇಳುತ್ತಿದ್ದರು, ನಾನೇ ಅರ್ಥ ಮಾಡಿಕೊಂಡು ಎದ್ದು ಹಾಕಬೇಕಿತ್ತು.

ಶನಿವಾರ ಬೆಳಿಗ್ಗೆ ನನಗೆ ರಜೆ. ಅಂದು ಬಸ್ ಓಡುವುದಿಲ್ಲ, ಶೇರ್ ವ್ಯಾನ್ ಹಿಡಿದು ಟೆಲ್ ಅವೀವ್‌ಗೆ ಹೋಗುತ್ತಿದ್ದೆ. ಅಲ್ಲಿ ಬಾಡಿಗೆ ಹಾಲ್ ಒಂದರಲ್ಲಿ ಕ್ಯಾಥೊಲಿಕರಲ್ಲದ ಬೇರೆ ಕ್ರೈಸ್ತ ಪಂಗಡದ ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಆ ಊರಿನಲ್ಲಿ ನನ್ನ ಹೆಸರು ಸರಿಯಾಗಿ ಹೇಳುತ್ತಿದ್ದವರು ಅವರೇ. ಜ್ವರ ಬಂದಾಗ ಗಂಜಿ ತಂದುಕೊಟ್ಟವರೂ ಅವರೇ. ನಿಮ್ಮ ತಮ್ಮನ ತಲೆ ಯಾರೋ ಕೆಡಿಸಿದ್ದಾರೆ ಅಂತ ಬರೆದಿದ್ದೀರಲ್ಲ, ಮೊದಲು ಯಾರೋ ಗಂಜಿ ಕೊಟ್ಟಿರುತ್ತಾರೆ, ತಲೆಯ ವಿಷಯ ಆಮೇಲೆ.

ಕೂಟದಲ್ಲಿ ಹಿಂದೂಗಳನ್ನೋ ಮುಸ್ಲಿಮರನ್ನೋ ಬೈಯುವುದು ಕಡಿಮೆ ಇತ್ತು. ಬೈಗುಳವೆಲ್ಲ ಕ್ಯಾಥೊಲಿಕರಿಗೆ. ಮೇರಿಯಮ್ಮನ ಮೂರ್ತಿ, ತೇರ್ಸ್ ಅನ್ನುವ ಜಪಮಾಲೆ ಪ್ರಾರ್ಥನೆ, ಸತ್ತವರಿಗಾಗಿ ಪೂಜೆ, ಎಲ್ಲವೂ ವಿಗ್ರಹಾರಾಧನೆ, ನರಕದ ದಾರಿ. ಅಂದರೆ ನಮ್ಮ ಅಮ್ಮ ನರಕಕ್ಕೆ. ನಾನು ಅದನ್ನು ನಂಬಿದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಂಬಿದ್ದಲ್ಲ ತಪ್ಪು. ಜಗಳ ಮಾಡಿದ್ದೂ ಅಲ್ಲ, ಮನೆ ಅಂದಮೇಲೆ ಜಗಳ ಇದ್ದದ್ದೇ. ನಾನು ದುಡ್ಡಿಗೆ ಷರತ್ತು ಹಾಕಿದೆ. ಮನೆ ನಡೆಯುತ್ತಿದ್ದದ್ದು ನಾನು ಕಳಿಸುವ ದುಡ್ಡಿನಲ್ಲಿ. ಇನ್ನು ಮುಂದೆ ಹಬ್ಬಕ್ಕೆ, ಇಗರ್ಜಿಗೆ, ಅಜ್ಜನ ಹೆಸರಿನ ಪೂಜೆಗೆ ಅದರಲ್ಲಿ ಒಂದು ರೂಪಾಯಿ ಹೋಗಬಾರದು, ಮನೆಯ ಅಲ್ತಾರಿನಿಂದ, ಅಂದರೆ ದೇವರ ಪೀಠದಿಂದ, ಮೂರ್ತಿ ತೆಗೀರಿ ಅಂತ ಫೋನಿನಲ್ಲಿ ಹೇಳಿದೆ. ಅಮ್ಮ ‘ಆಯ್ತು’ ಅಂದಳು. ನಾನು ಗೆದ್ದೆ ಅಂದುಕೊಂಡೆ. ಅಮ್ಮ ಆ ವಯಸ್ಸಿನಲ್ಲಿ ಮತ್ತೆ ಬೀಡಿ ಕಟ್ಟಲು ಕೂತಳಂತೆ, ಹೊಸ ತೆನೆಯ ಹಬ್ಬ ತನ್ನ ದುಡ್ಡಿನಲ್ಲೇ ಮಾಡಬೇಕು ಅಂತ. ಮೂರ್ತಿ ಅಕ್ಕಿ ಡ್ರಮ್ಮಿನ ಹಿಂದೆ ಸೇರಿತು. ಇದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ, ಅಣ್ಣ ಸಿಟ್ಟಿನಲ್ಲಿ ಬಾಯಿಬಿಟ್ಟಾಗ.

ಜಾಸ್ತಿ ಎಳೆಯುತ್ತಿದ್ದೇನೆ ಅನ್ನಿಸಬಹುದು, ಆದರೆ ಇದನ್ನು ಬಿಟ್ಟರೆ ನನ್ನಲ್ಲಿ ಹೇಳಲು ಬೇರೇನೂ ಇಲ್ಲ. ಬರೀ ವಾದ ಮಾಡಿದ್ದರೆ ಅವರೂ ವಾದ ಮಾಡುತ್ತಿದ್ದರು, ಅಮ್ಮ ನನಗೆ ಎರಡು ಮಾತು ಬೈದು ಫೋನ್ ಇಡುತ್ತಿದ್ದಳು, ಮರುದಿನ ಮತ್ತೆ ಮಾತು. ದುಡ್ಡು ನಡುವೆ ಬಂದಮೇಲೆ ಯಾರೂ ಎದುರು ಮಾತಾಡಲಿಲ್ಲ. ಸುಳ್ಳು ಹೇಳಲು ಕಲಿತರು. ಹಬ್ಬದ ವಿಷಯ ಮುಚ್ಚಿಟ್ಟರು, ಆಮೇಲೆ ಹಬ್ಬಕ್ಕೆ ಬಂದ ನೆಂಟರ ವಿಷಯ, ಆಮೇಲೆ ಅಪ್ಪನ ಕಾಯಿಲೆಯ ವಿಷಯ. ಅಪ್ಪನಿಗೆ ಜೋರಾದ ರಾತ್ರಿ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಲು ಪಾದ್ರಿಯನ್ನು ಕರೆಸಿದ್ದರು. ಪಾದ್ರಿ ಬಂದದ್ದು ನನಗೆ ಗೊತ್ತಾದರೆ ದುಡ್ಡು ನಿಲ್ಲುತ್ತದೆ ಅಂತ ಹೆದರಿ ಯಾರೂ ಫೋನ್ ಮಾಡಲಿಲ್ಲ. ಬೆಳಿಗ್ಗೆ ಮಾಡಿದರು. ಆಗ ಅಪ್ಪ ಇರಲಿಲ್ಲ.

ಅಜ್ಜಿ ಕೇಳಿದರು, ನಿಮ್ಮಲ್ಲಿ ಅಪ್ಪ ಸತ್ತರೆ ಏನು ಮಾಡುತ್ತೀರಿ ಅಂತ. ಏನೂ ಮಾಡುವುದಿಲ್ಲ ಅಂದೆ. ಎಲ್ಲ ಬಿಟ್ಟಾಗಿತ್ತಲ್ಲ. ಏನೂ ಇಲ್ಲದೆ ಹೇಗಾಗುತ್ತದೆ ಅಂತ ಅಜ್ಜಿ ತಮ್ಮ ಕ್ರಮದ ಹಾಗೆ ಏಳು ದಿನ ನನಗೆ ಕೆಲಸ ಹೇಳದೆ ಕೂರಿಸಿದರು. ನೆರೆಯವರು ಊಟ ತಂದರು. ಎರಡು ಸಿಂಕಿನ ಅದೇ ಮಡಿ ಅಜ್ಜಿ.

ಅವರ ಮೊಮ್ಮಗನೊಬ್ಬನಿದ್ದ. ಶನಿವಾರ ಸಿಗರೇಟು ಸೇದುತ್ತಿದ್ದ, ಒಂದು ಪ್ರಾರ್ಥನೆಯೂ ಪೂರ್ತಿ ಬಾರದು. ನಿಮ್ಮ ಲೆಕ್ಕದಲ್ಲಿ ಅವನೇ ಮಾಡರೇಟ್. ಅರಬ್ಬರನ್ನೆಲ್ಲ ಓಡಿಸಬೇಕು ಅಂತ ಊಟದ ಮೇಜಿನಲ್ಲಿ ಭಾಷಣ ಬಿಗಿಯುತ್ತಿದ್ದವನೂ ಅವನೇ. ಅಜ್ಜಿ ಬೈದು ಬಾಯಿ ಮುಚ್ಚಿಸುತ್ತಿದ್ದರು. ಅವರ ಬಿಪಿ ಮಾತ್ರೆ ಕೊಡುತ್ತಿದ್ದ ಫಾರ್ಮಸಿಯವರು ಅರಬ್ ಮುಸ್ಲಿಂ, ‘ಅವರು ಹೋದರೆ ನನ್ನ ಮಾತ್ರೆ ನೀನು ಕೊಡ್ತೀಯಾ’ ಅನ್ನುತ್ತಿದ್ದರು.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ. ಭಕ್ತಿ ಜಾಸ್ತಿ ಆದರೆ ಉಗ್ರ, ಕಡಿಮೆ ಆದರೆ ಮಾಡರೇಟ್ ಅಂತ ಅಳೆಯಲು ಆಗುವುದಿಲ್ಲ. ಮೆನಾಹೆಮ್ ಫ್ರೊಮನ್ ಅಂತ ಒಬ್ಬ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಇದ್ದರು, 2013ರಲ್ಲಿ ತೀರಿಕೊಂಡರು. ದೊಡ್ಡ ಗಡ್ಡ, ಪ್ಯಾಲೆಸ್ತೀನಿಯರು ತಮ್ಮದೆನ್ನುವ ವೆಸ್ಟ್ ಬ್ಯಾಂಕಿನಲ್ಲಿ ತೆಕೋವಾ ಅನ್ನುವ ಯಹೂದಿ ಸೆಟ್ಲ್‌ಮೆಂಟಿನಲ್ಲಿ ಮನೆ, ಆ ನೆಲವನ್ನು ದೇವರೇ ಕೊಟ್ಟದ್ದು ಅಂತ ನಂಬಿದವರು. ಅಂಥವರು ಹಮಾಸ್ ಸ್ಥಾಪಕ ಶೇಖ್ ಅಹ್ಮದ್ ಯಾಸಿನ್ ಜೊತೆ ಕೂತು ಮಾತಾಡಿದ್ದರು. ಇಬ್ಬರೂ ದೇವರನ್ನು ನಂಬುವವರು, ಹಾಗಾಗಿ ಮಾತಾಡಬಹುದು ಅನ್ನುವುದು ಅವರ ಲೆಕ್ಕ. ನಮ್ಮ ಅಜ್ಜಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಅದು ಬೇರೆ ವಿಷಯ.

ಟೆಲ್ ಅವೀವ್ ನಗರಸಭೆಯ ಹತ್ತಿರ ಒಂದು ಸ್ಮಾರಕ ಇದೆ. 1995ರ ನವೆಂಬರ್ 4ರಂದು ಪ್ರಧಾನಿ ಯಿಟ್ಜಾಕ್ ರಾಬಿನ್ ಅವರಿಗೆ ಗುಂಡು ಹೊಡೆದ ಜಾಗ. ಹೊಡೆದವನು ಅರಬ್ ಇರಬೇಕು ಅಂದುಕೊಂಡಿದ್ದೆ. ಅಜ್ಜಿ ‘ನಮ್ಮವನೇ’ ಅಂದರು. ಕಾನೂನು ಓದುತ್ತಿದ್ದ ಯಹೂದಿ ಹುಡುಗ. ಪ್ಯಾಲೆಸ್ತೀನಿಯರ ಜೊತೆ ಒಪ್ಪಂದ ಮಾಡಿಕೊಂಡ ರಾಬಿನ್ ಅವನ ಕಣ್ಣಿಗೆ ದ್ರೋಹಿ. ಈಜಿಪ್ಟಿನಲ್ಲಿ 1981ರಲ್ಲಿ ಅಧ್ಯಕ್ಷ ಅನ್ವರ್ ಸಾದತ್ ಅವರನ್ನು ಕೊಂದವರೂ ಹೊರಗಿನವರಲ್ಲ, ಅವರದೇ ಸೈನ್ಯದಲ್ಲಿದ್ದ ಮುಸ್ಲಿಂ ಉಗ್ರರು. ಇಂಥವರು ಹೊರಗಿನವರನ್ನು ಬಿಟ್ಟುಬಿಡುತ್ತಾರೆ ಅಂತಲ್ಲ. 1994ರಲ್ಲಿ ಹೆಬ್ರೋನಿನ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಕೊಂದವನು ಓದಿದ ಯಹೂದಿ ಡಾಕ್ಟರ್. ಆದರೆ ತಮ್ಮವರೊಳಗೇ ಸ್ವಲ್ಪ ಸಡಿಲ ಇರುವವರ ಮೇಲಿನ ಸಿಟ್ಟು ಇದೆಯಲ್ಲ, ಅದು ಮನೆಯಲ್ಲೇ ಕಾಣಿಸುತ್ತದೆ, ನಿಮ್ಮಂಥವರಿಗೆ ಮೊದಲು ಕಾಣುತ್ತದೆ. ನನ್ನ ವಿಷಯದಲ್ಲಿ ಅಮ್ಮನಿಗೆ ಕಂಡಿತ್ತು.

ಹಾಗಾಗಿ ನಮಾಜಿನ ತಂಟೆಗೆ ಹೋಗಬೇಡಿ. ಗಡ್ಡದ್ದೂ ಬೇಡ. ಅವನು ಉರೂಸಿಗೆ ಬರದಿದ್ದರೆ ಅದು ಅವನ ಇಷ್ಟ, ಹೋಗುವ ಅಪ್ಪನನ್ನು ತಡೆದರೆ ಅಲ್ಲಿ ಗಟ್ಟಿಯಾಗಿ ನಿಲ್ಲಿ. ಮನೆ ಖರ್ಚು ಅವನದ್ದಾಗಿದ್ದರೆ ಇವತ್ತೇ ಬೇರೆ ದಾರಿ ನೋಡಿ, ಹಬ್ಬದ ಖರ್ಚಾದರೂ ಅವನ ಕೈಯಿಂದ ಬರದ ಹಾಗೆ. ಅಪ್ಪನೂ ಆಸ್ತಿ ಕೊಡುವುದಿಲ್ಲ ಅಂತೆಲ್ಲ ಹೆದರಿಸುವುದು ಬೇಡ, ಅದೂ ನಾನು ಹಾಕಿದಂಥ ದುಡ್ಡಿನ ಷರತ್ತೇ. ಭಾಷಣದ ವಿಡಿಯೋಗೆ ಎದುರು ವಿಡಿಯೋ ಕಳಿಸಬೇಡಿ, ಅವನ ಹತ್ತಿರ ನಿಮಗಿಂತ ಜಾಸ್ತಿ ಇರುತ್ತವೆ. ಯಾರಾದರೂ ಮಾತಾಡಬೇಕು ಅಂದರೆ ಅವನಷ್ಟೇ ಕಟ್ಟುನಿಟ್ಟಾದ, ಆದರೆ ಜಗಳ ಹುಡುಕದ ಒಬ್ಬ ಉಸ್ತಾದರನ್ನು, ಅಂದರೆ ಧರ್ಮ ಕಲಿಸುವವರನ್ನು, ನೋಡಿ. ನಮಾಜು ಬಿಟ್ಟ ಚಿಕ್ಕಪ್ಪ ಬೇಡವೇ ಬೇಡ. ಕೊಲೆಯನ್ನು ಹೊಗಳಲು ಶುರು ಮಾಡಿದರೆ, ಯಾರಿಗೋ ಏನೋ ಮಾಡುವ ಮಾತು ಕಿವಿಗೆ ಬಿದ್ದರೆ, ಅದು ಮನೆಜಗಳ ಅಲ್ಲ. ಮುಚ್ಚಿಡದೆ ಪೊಲೀಸರಿಗೆ ಹೇಳಿ.

ಒಂದು ವಿಷಯ ನೀವು ಬರೆದಿಲ್ಲ. ಊರಿಗೆ ಬಂದ ಮೇಲೆ ಅವನು ಯಾರ್ಯಾರ ಮನೆಗೆ ಹೋಗುವುದು ನಿಲ್ಲಿಸಿದ್ದಾನೆ? ಯಾರ ಮನೆಯ ಊಟ ಬಿಟ್ಟಿದ್ದಾನೆ? ಅದನ್ನು ಬರೆಯಿರಿ, ಆಮೇಲೆ ಮುಂದಿನದು ಹೇಳುತ್ತೇನೆ.