ಮಗಳ ಎಂಬಿಎ ಬಿಡಿಸಲಾ?

ಪ್ರಶ್ನೆ: ಮಗಳು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಎಂಬಿಎ ಎರಡನೇ ಸೆಮಿಸ್ಟರ್. ಪಾಠ ಅಂದರೆ ಮೇಷ್ಟ್ರು ಸ್ಲೈಡ್ ಓದುವುದು, ಇವರು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುವುದು, ಅಷ್ಟೇ ಅನ್ನುತ್ತಾಳೆ. ಸೇರಿಸುವಾಗ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಟ್ಟ ಗ್ರೇಡಿನ ಬೋರ್ಡು ತೋರಿಸಿದ್ದರು. ಅಡಿಕೆ ಮಾರಿದ ದುಡ್ಡಲ್ಲಿ ಫೀಸು ಕಟ್ಟಿದ್ದೇನೆ. ಬಿಡಿಸಲಾ ಮೇಡಂ?
– ಒಬ್ಬ ತಂದೆ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬಿಡಿಸಬೇಡಿ. ಇರುವುದೇ ನಾಲ್ಕು ಸೆಮಿಸ್ಟರ್, ಅರ್ಧ ದಾರಿ ಬಂದಾಯ್ತು.

ಮಗಳು ಹೇಳಿದ್ದನ್ನು ನಾನು ನಂಬುತ್ತೇನೆ. ಇದೇ ಊರಲ್ಲಿ ಕಾಸ್ಟ್ ಅಕೌಂಟಿಂಗ್, ಅಂದರೆ ವೆಚ್ಚದ ಲೆಕ್ಕ, ಕಲಿಸಿದವಳು ನಾನು. ಆಗ ಸ್ಲೈಡ್ ಇರಲಿಲ್ಲ, ಹಳದಿಗೆ ತಿರುಗಿದ ನೋಟ್ಸ್ ಇತ್ತು. ವರ್ಷಗಟ್ಟಲೆ ಅದನ್ನೇ ಬರೆಸಿದ್ದೇನೆ. ಒಂದು ದಿನ ಜಂಟಿ ಉತ್ಪನ್ನಗಳ ವೆಚ್ಚ ಬರೆಸುತ್ತಿದ್ದೆ. ಉದಾಹರಣೆ ಪುಸ್ತಕದ್ದೇ: ಕಚ್ಚಾ ತೈಲ, ಅದರಿಂದ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ. ಹಿಂದಿನ ಬೆಂಚಿನ ಹುಡುಗ ಎದ್ದ. “ಮೇಡಂ, ನಮ್ಮನೇಲಿ ಒಂದೇ ತೋಟದಿಂದ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ರೇಟಿನ ಅಡಿಕೆ ಎಲ್ಲಾ ಬರುತ್ತೆ. ಗೊಬ್ಬರದ ಖರ್ಚು ಯಾವುದರ ತಲೆ ಮೇಲೆ ಹಾಕೋದು?”

ಕ್ಲಾಸು ಎರಡು ಪಾಲಾಯಿತು. ತೂಕದ ಮೇಲೆ ಹಂಚಿ ಅಂದರು ಕೆಲವರು. ಹಾಗೆ ಹಂಚಿದರೆ ಕಡಿಮೆ ರೇಟಿನ ಗೊರಬಲಿನ ಒಂದು ಕಿಲೋಗೂ ದುಬಾರಿ ಸರಕಿನಷ್ಟೇ ಖರ್ಚು ಬೀಳುತ್ತದೆ, ಗೊರಬಲು ಬರೀ ನಷ್ಟದ ಹಾಗೆ ಕಾಣುತ್ತದೆ. ಮಂಡಿ ರೇಟಿನ ಮೇಲೆ ಹಂಚಿದರೆ ನಾಲ್ಕರಲ್ಲೂ ಲಾಭ ಒಂದೇ ಪ್ರಮಾಣದಲ್ಲಿ ಬರುತ್ತದೆ, ಯಾವುದು ಒಳ್ಳೆಯದು ಅಂತ ಗೊತ್ತೇ ಆಗುವುದಿಲ್ಲ. ಮುಂದಿನ ಪಾಠದ ಮೇಷ್ಟ್ರು ಬಾಗಿಲಲ್ಲಿ ನಿಂತು ಕೆಮ್ಮಿದರು. ಆ ನೋಟ್ಸನ್ನು ನಾನು ಮತ್ತೆ ತೆಗೆಯಲಿಲ್ಲ.

ಹಾರ್ವರ್ಡ್‌ನಲ್ಲಿ ಬೆಳೆದ ಕೇಸ್ ಪದ್ಧತಿ ಅನ್ನುವುದು ಹೆಚ್ಚುಕಮ್ಮಿ ಇದೇ: ನಿಜವಾದ ಸಮಸ್ಯೆ ಮುಂದಿಟ್ಟು ಕ್ಲಾಸೇ ವಾದ ಮಾಡುವುದು. 1961ರಲ್ಲಿ ಶುರುವಾದ ಅಹಮದಾಬಾದ್ ಐಐಎಂ ಕೂಡ ಅದನ್ನೇ ಹಿಡಿಯಿತು.

ಬೋರ್ಡಿನ ವಿಷಯ. ನ್ಯಾಕ್ ನೋಡುವುದು ಇಡೀ ಕಾಲೇಜನ್ನು. ಒಂದೊಂದು ಕೋರ್ಸನ್ನು ಬೇರೆಯಾಗಿ ನೋಡುವುದು ಎನ್‌ಬಿಎ. ಎಂಬಿಎಗೆ ಅದರ ಮಾನ್ಯತೆ ಇದೆಯಾ ಅಂತ ಕೇಳಿ. ಇದ್ದರೂ ಮಂಗಳವಾರ ಬೆಳಗಿನ ಕ್ಲಾಸಿಗೆ ಯಾರೂ ಬಂದು ಕೂರುವುದಿಲ್ಲ, ಅಲ್ವಾ?

ಈಗ ಮಗಳಿಗೆ ಎರಡು ಕೆಲಸ. ಸ್ಪೆಷಲೈಸೇಶನ್ ಆರಿಸುವಾಗ ವಿಷಯದ ಹೆಸರು ನೋಡಿ ಮರುಳಾಗದೆ, ಪಾಠ ಯಾರು ಮಾಡುತ್ತಾರೆ ಅಂತ ಸೀನಿಯರ್‌ಗಳನ್ನು ಕೇಳಲಿ. ಕಾಲೇಜಿನಲ್ಲಿ ಸಿಗದ ಪಾಠವನ್ನು ಐಐಟಿ ಮೇಷ್ಟ್ರುಗಳು ಎನ್‌ಪಿಟಿಇಎಲ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ಪಾಠಗಳ ತಾಣದಲ್ಲಿ, ಮಾಡಿಟ್ಟಿದ್ದಾರೆ, ನೋಡುವುದಕ್ಕೆ ಕಾಸು ಬೇಡ.

ಇನ್ನೊಂದು ಕೆಲಸ, ಪ್ರಾಜೆಕ್ಟ್. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಹಳೇ ರಿಪೋರ್ಟು ಮುಟ್ಟುವುದು ಬೇಡ. ನಿಮ್ಮ ಮನೆಯಲ್ಲೇ ಇದೆಯಲ್ಲ! ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಬರುವುದು 12–13 ಕಿಲೋ. ನಡುವೆ ಗೊನೆ ಕೊಯ್ಯುವವರ ಕೂಲಿ, ಸುಲಿಯುವವರ ಕೂಲಿ, ಸೌದೆ, ಮಂಡಿಗೆ ಗಾಡಿ ಬಾಡಿಗೆ. ಮನೆಯವರ ದುಡಿಮೆಯನ್ನು ನೀವು ಇದುವರೆಗೆ ಲೆಕ್ಕಕ್ಕೇ ಹಿಡಿದಿರಲಿಕ್ಕಿಲ್ಲ. ಅವಳು ಹಿಡಿಯುತ್ತಾಳೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಸಲದ ಕೊಯ್ಲಿಗೆ ಒಲೆ ಮುಂದೆ ನೋಟ್‌ಬುಕ್ ಹಿಡಿದು ಕೂರಲಿ. ಹಳೇ ಬಟ್ಟೆ ಹಾಕಿಕೊಳ್ಳಲು ಹೇಳಿ. ಅಡಿಕೆ ಬೇಯಿಸಿದ ಚೊಗರಿನ ಕಲೆ ಹೋಗುವುದಿಲ್ಲ.