ಹಿಂದಿನ ಸೀಟಿಗೆ ಕಾದವನು

ಆಟಗಾರರ ಮನಸ್ಸಿನ ಸಮಸ್ಯೆ ನೋಡುವುದು ನನ್ನ ಕೆಲಸ. ಈಗ ಹೇಳುವ ಪ್ರಕರಣ ನಡೆದು ಎರಡು ಚಳಿಗಾಲ ಕಳೆದವು. ಬರೆಯುವುದೋ ಬೇಡವೋ ಎಂದು ಇಷ್ಟು ದಿನ ಸುಮ್ನಿದ್ದೆ. ಕಳೆದ ತಿಂಗಳು ಬೇರೊಂದು ತಂಡದ ಕೋಚ್ ಫೋನ್ ಮಾಡಿ, "ನಮ್ಮ ಹುಡುಗರಲ್ಲಿ ಛಲವೇ ಇಲ್ಲ, ಒಂದು ಗಂಟೆ ಬಂದು ಮಾತಾಡಿ" ಅಂದರು. ಈ ಪ್ರಕರಣದ ಕೋಚ್ ಅವತ್ತು ಹೇಳಿದ್ದ ಅದೇ ಮಾತು, ಅದೇ ದನಿ. ಒಂದು ಗಂಟೆ ಭಾಷಣ ಮಾಡಿದರೆ ಛಲ ಹುಟ್ಟುತ್ತದೆ ಅನ್ನುವ ನಂಬಿಕೆ ಎಷ್ಟು ಗಟ್ಟಿಯಾಗಿದೆ ಅಂತೀರಿ! ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಇಲ್ಲಿ ಬರುವ ಇಬ್ಬರು ಹುಡುಗರಿಗೂ ಏನು ಬರೆಯುತ್ತೇನೆಂದು ಹೇಳಿ, ಒಪ್ಪಿಗೆ ಪಡೆದಿದ್ದೇನೆ.

ಅದು ಪಶ್ಚಿಮ ಕೆನಡಾದ ಒಂದು ಜೂನಿಯರ್ ಐಸ್ ಹಾಕಿ ತಂಡ. ಆಟಗಾರರಿಗೆ 16ರಿಂದ 20 ವರ್ಷ. ಮನೆ ಬಿಟ್ಟು ಬಂದ ಹುಡುಗರು ತಂಡದ ಊರಿನಲ್ಲಿ ಯಾವುದೋ ಕುಟುಂಬದ ಜೊತೆ ಇರುತ್ತಾರೆ. ಬಿಲೆಟ್ ಮನೆ ಅಂತಾರೆ ಅದಕ್ಕೆ. ಅಲ್ಲಿನ ವೆಸ್ಟರ್ನ್ ಹಾಕಿ ಲೀಗಿನಲ್ಲಿ ಒಂದು ಸೀಸನ್ನಿಗೆ 68 ಪಂದ್ಯ. ಅರ್ಧದಷ್ಟು ಹೊರ ಊರುಗಳಲ್ಲಿ. ಪಶ್ಚಿಮ ತುದಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ತಂಡವೊಂದು ಬೆಟ್ಟ ದಾಟಿ ಪೂರ್ವದ ಸಸ್ಕ್ಯಾಚೆವನ್, ಮ್ಯಾನಿಟೋಬಾ ಪ್ರಾಂತ್ಯಗಳ ಕಡೆ ಹೊರಟರೆ ಎಷ್ಟೋ ದಿನ ಬಸ್ಸೇ ಮನೆ. ಗಡಿಯಾರ ಮುಂದೆ ಹೋಗುತ್ತದೆ, ಚಳಿ ಮೈನಸ್ 30ಕ್ಕೆ ಇಳಿಯುತ್ತದೆ.

ಈ ತಂಡಕ್ಕೆ ಒಂಬತ್ತು ದಿನದಲ್ಲಿ ಆರು ಪಂದ್ಯ. ನಾನು ಹೋಗಿ ಸೇರುವ ಹೊತ್ತಿಗೆ ನಾಲ್ಕು ಸೋತಿದ್ದರು. ಆಟದ ಕೊನೆಯ ಭಾಗ, ಅಂದರೆ ಮೂರನೇ ಪೀರಿಯಡ್ ಬಂತೆಂದರೆ ಹುಡುಗರ ಕಾಲು ಏಳುತ್ತಿರಲಿಲ್ಲ. ಕೋಚ್ ಪ್ರಕಾರ ಅದು ಮನಸ್ಸಿನ ಸಮಸ್ಯೆ. ನಾನು ಭಾಷಣ ಮಾಡಲಿಲ್ಲ. "ಒಂದು ರಾತ್ರಿ ಬಸ್ಸಿನಲ್ಲಿ ಬರುತ್ತೇನೆ" ಅಂದೆ. ಅವರಿಗೆ ಅದು ಅಷ್ಟೇನೂ ಇಷ್ಟವಾಗಲಿಲ್ಲ.

ಸಸ್ಕ್ಯಾಚೆವನ್ನಿನ ಮೂಸ್ ಜಾ ಊರಿನಿಂದ ಮ್ಯಾನಿಟೋಬಾದ ಬ್ರಾಂಡನ್‌ಗೆ ನಾಲ್ಕೂವರೆ ಗಂಟೆ ದಾರಿ. ಪಂದ್ಯ ಮುಗಿಸಿ ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ಹಾಕಿ ಬಸ್ಸಿನಲ್ಲಿ ಸೀಟಿಗೂ ಒಂದು ಕ್ರಮ ಇರುತ್ತದೆ. ಹಳಬರು ಹಿಂದೆ, ಎರಡು ಸೀಟಿಗೆ ಒಬ್ಬ. ಕಾಲು ಚಾಚಿ ಮಲಗಬಹುದು. ಹೊಸಬರು ಮುಂದೆ, ಎರಡು ಸೀಟಿಗೆ ಇಬ್ಬರು. ಬ್ಯಾಗು, ಸ್ಟಿಕ್ಕು ಏರಿಸಿ ಇಳಿಸುವುದೂ ಹೊಸಬರೇ. ಆದ್ದರಿಂದ ಹೋಟೆಲಿನಲ್ಲಿ ಕೊನೆಗೆ ಮಲಗುವವರೂ ಅವರೇ. ಯಾರೋ ಒಬ್ಬ ಹೊಸಬ ಜಾಗ ಸಾಲದೆ ನಡುದಾರಿಯ ನೆಲದ ಮೇಲೆ ದಿಂಬು ಹಾಕಿ ಮಲಗಿದ್ದ. ಹೊರಗೆ ರಸ್ತೆಯ ಮೇಲೆ ಮಂಜುಗಡ್ಡೆ.

ನನ್ನ ಪಕ್ಕ 16 ವರ್ಷದವನೊಬ್ಬ ಕೂತಿದ್ದ. ಎರಡು ಗಂಟೆಯಾದರೂ ಕಣ್ಣು ಮುಚ್ಚಲಿಲ್ಲ. ಯಾಕೆಂದು ಕೇಳಿದೆ. "ನಾನು ಎಚ್ಚರ ಇದ್ದರೆ ಡ್ರೈವರೂ ಎಚ್ಚರ ಇರ್ತಾನೆ" ಅಂದ. ತಮಾಷೆಗಲ್ಲ.

ಇದನ್ನು ಕೇಳಿ ನಗುವ ಮುಂಚೆ ಒಂದು ವಿಷಯ ತಿಳಿದಿರಬೇಕು. ಇದೇ ಹೆದ್ದಾರಿಯಲ್ಲಿ, ಸ್ವಿಫ್ಟ್ ಕರೆಂಟ್ ಹತ್ತಿರ, 1986ರ ಡಿಸೆಂಬರ್ 30ರಂದು ಜೂನಿಯರ್ ತಂಡದ ಬಸ್ಸು ಉರುಳಿ ನಾಲ್ವರು ಆಟಗಾರರು ತೀರಿಕೊಂಡರು. ಅದೇ ಸಸ್ಕ್ಯಾಚೆವನ್ನಿನ ಹಂಬೋಲ್ಟ್ ಊರಿನ ಜೂನಿಯರ್ ತಂಡದ ಬಸ್ಸು 2018ರ ಏಪ್ರಿಲ್ 6ರಂದು ಲಾರಿಗೆ ಡಿಕ್ಕಿಯಾಗಿ 16 ಜನ ಹೋದರು. ಅಲ್ಲಿ ಹಾಕಿ ಆಡುವ ಪ್ರತಿ ಹುಡುಗನಿಗೂ, ಅವನ ಅಮ್ಮನಿಗೂ ಇದು ಗೊತ್ತು. ಬಸ್ಸಿನೊಳಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಮರುದಿನ ಮಧ್ಯಾಹ್ನ ಹೋಟೆಲಿನಲ್ಲಿ ಕ್ಯಾಪ್ಟನ್ ಜೊತೆ ಕೂತೆ. 20 ವರ್ಷ, ತಂಡದಲ್ಲಿ ನಾಲ್ಕನೇ ಸೀಸನ್. ಮೊದಲ ಇಪ್ಪತ್ತು ನಿಮಿಷ ವ್ಯರ್ಥ. ಕ್ಯಾಮೆರಾ ಮುಂದೆ ನಿಂತವನ ಹಾಗೆ ಉತ್ತರ ಕೊಟ್ಟ. "ಸರಳವಾಗಿ ಆಡಬೇಕು. ಒಂದೊಂದೇ ಶಿಫ್ಟ್ ಯೋಚಿಸಬೇಕು." ಈ ಆಟದಲ್ಲಿ ಒಬ್ಬೊಬ್ಬ ಮುಕ್ಕಾಲು ನಿಮಿಷ ಜೀವ ಬಿಟ್ಟು ಆಡಿ ಬೆಂಚಿಗೆ ವಾಪಸ್ ಬರುತ್ತಾನೆ. ಅದೇ ಶಿಫ್ಟ್. ಅವನ ಉತ್ತರಗಳೂ ಅದಕ್ಕಿಂತ ಉದ್ದ ಇರಲಿಲ್ಲ.

ಸೀಟಿನ ಮಾತೆತ್ತಿದೆ. ಮುಖ ಬಿಗಿಯಾಯಿತು.

"ಅದು ಮೊದಲಿಂದ ಹಾಗೇ ಇರೋದು. ನಾನೂ ಎರಡು ವರ್ಷ ಮುಂದೆ ಕೂತಿದ್ದೇನೆ. ನನಗೇನೂ ಆಗಲಿಲ್ಲವಲ್ಲ."

"ಸರಿ, ಆಗಲಿಲ್ಲ. ರಾತ್ರಿ ಹೊತ್ತು ಅಲ್ಲಿ ಕೂತು ಏನು ಮಾಡ್ತಿದ್ದೆ?"

ಅವನು ಕಾಫಿ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತಾ ಕೂತ. ನಾನೂ ಸುಮ್ನಿದ್ದೆ. ಈ ಕೆಲಸದಲ್ಲಿ ನಾನು ಕಷ್ಟಪಟ್ಟು ಕಲಿತದ್ದು ಸುಮ್ನಿರುವುದನ್ನೇ.

"ರಸ್ತೆ ನೋಡ್ತಿದ್ದೆ" ಅಂದ. "ನಾನು ಮಲಗಿದರೆ ಡ್ರೈವರಿಗೂ ನಿದ್ದೆ ಬಂದುಬಿಡುತ್ತೆ ಅನ್ನಿಸ್ತಿತ್ತು. ಹುಚ್ಚುತನ, ಅಲ್ವಾ?"

ಹನ್ನೆರಡು ಗಂಟೆ ಹಿಂದೆ ಕೇಳಿದ ಮಾತು. ನಾಲಿಗೆ ತುದಿಗೆ ಬಂತು, ನುಂಗಿದೆ. ಆ ಚಿಕ್ಕವನು ಹೇಳಿದ್ದು ನನಗೆ, ಇವನಿಗಲ್ಲ.

"ಹುಚ್ಚುತನ ಅಲ್ಲ. ಯಾರಿಗಾದರೂ ಹೇಳಿದ್ಯಾ?"

"ಯಾರಿಗೆ ಹೇಳಲಿ?" ಸ್ವಲ್ಪ ಹೊತ್ತು ಬಿಟ್ಟು, ನಾನು ಕೇಳದೇ ಇದ್ದದ್ದನ್ನು ಹೇಳಿದ. "ಆ ಹಿಂದಿನ ಸೀಟಿಗೆ ವರ್ಷಗಟ್ಟಲೆ ಕಾದಿದ್ದೇನೆ. ದೊಡ್ಡ ಲೀಗಿನವರು ಆಟಗಾರರನ್ನು ಆರಿಸೋ ಡ್ರಾಫ್ಟಿನಲ್ಲಿ ಯಾರೂ ನನ್ನ ಹೆಸರು ಕರೀಲಿಲ್ಲ. ಜನವರಿ ಒಳಗೆ ಬೇರೆ ತಂಡಕ್ಕೆ ಕಳಿಸಿದರೂ ಕಳಿಸಿದರೇ. ಆ ಸೀಟು ಬಿಟ್ಟರೆ ನನ್ನದು ಅಂತ ಇಲ್ಲಿ ಇನ್ನೇನಿದೆ?"

ನಿಜ ಹೇಳುತ್ತೇನೆ, ನಾನು ಹೋಗಿದ್ದದ್ದು ಅವನಿಂದ ಸೀಟು ಬಿಡಿಸಲಿಕ್ಕೆ. "ನೀನು ಕ್ಯಾಪ್ಟನ್, ದೊಡ್ಡ ಮನಸ್ಸು ಮಾಡು" ಅನ್ನುವ ಮಾತು ರೆಡಿ ಇತ್ತು. ಈ ಮಾತು ಕೇಳಿದ ಮೇಲೆ ಅದು ಬಾಯಿಂದ ಹೊರಡಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ನಾವು ನಗುತ್ತಾ ಹೇಳುತ್ತೇವೆ. ಆದರೆ ಸೊಸೆಯಾಗಿ ನವೆದವಳಿಗೆ ಕೈಗೆ ಸಿಗುವ ಕೂಲಿ ಅಂದರೆ ಆ ಅತ್ತೆತನ ಒಂದೇ. ಅದನ್ನೂ ಬಿಟ್ಟುಕೊಡು ಅಂದರೆ, ಅವಳು ಪಟ್ಟದ್ದೆಲ್ಲ ಲೆಕ್ಕಕ್ಕೇ ಇಲ್ಲ ಅಂದ ಹಾಗೆ. ಇವನು ಕೆಟ್ಟವನಲ್ಲ. ತನಗೆ ಬರಬೇಕಾದ್ದನ್ನು ವಸೂಲು ಮಾಡುತ್ತಿದ್ದ, ಆದರೆ ಸಾಲ ಮಾಡದವರಿಂದ.

ನಾನು ಹೇಳಿದ್ದು ಇಷ್ಟು: "ಸೀಟು ಬಿಡಬೇಡ. ಅದು ನಿನ್ನದೇ. ಮುಂದಿನ ರಾತ್ರಿ ಪ್ರಯಾಣದಲ್ಲಿ ಒಂದೇ ಒಂದು ಸಲ ಮುಂದೆ ಹೋಗಿ ಕೂತು ಬಾ. ಉಪದೇಶ ಮಾಡಬೇಡ, ಯಾಕೆ ಬಂದೆ ಅಂತಲೂ ಹೇಳಬೇಡ. ಆಮೇಲೆ ಏನು ಮಾಡೋದು ಅಂತ ನೀನೇ ನೋಡು."

ಕೋಚ್‌ಗೆ ಬೇರೆ ಮಾತು. ರಾತ್ರಿ ಪ್ರಯಾಣವಾದ ಮರುದಿನ ಬೆಳಗಿನ ಅಭ್ಯಾಸ ಬಿಡಿ. ನೆಲದ ಮೇಲೆ ಯಾರೂ ಮಲಗುವುದು ಬೇಡ, ಬೆಲ್ಟ್ ಇರುವುದು ಹಾಕಿಕೊಳ್ಳಲಿಕ್ಕೆ. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿಯಿಡೀ ಡ್ರೈವರ್ ಹತ್ತಿರ ದೊಡ್ಡವರೊಬ್ಬರು ಎಚ್ಚರ ಇರಲಿ, ಮತ್ತು ಅದು ಹುಡುಗರೆಲ್ಲರಿಗೂ ಗೊತ್ತಿರಲಿ. ಕಾಯುವ ಕೆಲಸ ಮಕ್ಕಳದ್ದಲ್ಲ.

ಅವರು ಕೇಳಿದ್ದು, "ಬಸ್ಸಿನ ಸೀಟು ಸರಿಮಾಡೋಕೆ ನಿಮ್ಮನ್ನು ಕರೆಸಬೇಕಿತ್ತಾ?" ಕರೆಸಬೇಕಿತ್ತು ಅಂತಲೇ ನನ್ನ ಉತ್ತರ, ಈಗಲೂ. ಹದಿಹರೆಯದವರಿಗೆ ರಾತ್ರಿ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ತಂಡದ ಮೂರನೇ ಒಂದು ಪಾಲು ಅದರ ಅರ್ಧವನ್ನೂ ಕಾಣದೆ ಐಸಿಗೆ ಇಳಿಯುತ್ತಿತ್ತು. ನಿದ್ದೆ ಇಲ್ಲದವನ ಮುಂದೆ ಛಲದ ಬಗ್ಗೆ ಮಾತಾಡುವುದು ಹಸಿದವನಿಗೆ ಅಡುಗೆ ಪುಸ್ತಕ ಓದಿ ಹೇಳಿದ ಹಾಗೆ.

ಇನ್ನೊಂದು ಆಕ್ಷೇಪ ನನ್ನ ಸಹೋದ್ಯೋಗಿಯೊಬ್ಬರದು. ಇದು ರ‍್ಯಾಗಿಂಗ್, ಕೋಚ್‌ನಿಂದಲೇ ಆ ಕ್ರಮ ರದ್ದು ಮಾಡಿಸಬೇಕಿತ್ತು, ಕ್ಯಾಪ್ಟನ್‌ಗೆ ಬಿಟ್ಟದ್ದು ತಪ್ಪು ಅಂದರು. ಇದರ ಬಗ್ಗೆ ನಾನು ಜಾಸ್ತಿ ಯೋಚಿಸಿದ್ದೇನೆ. ಹೊಡೆತ, ಬಟ್ಟೆ ಬಿಚ್ಚಿಸುವುದು, ಬಲವಂತವಾಗಿ ಕುಡಿಸುವುದು ಇಂಥದ್ದು ಏನಾದರೂ ಇದೆಯಾ ಎಂದು ಹೊಸಬರನ್ನು ಒಬ್ಬೊಬ್ಬರನ್ನಾಗಿ ಕೇಳಿದ್ದೆ. ಇದ್ದರೆ ಗುಟ್ಟು ಉಳಿಯುವುದಿಲ್ಲ, ದೂರು ಹೋಗುತ್ತದೆ ಎಂದು ಮೊದಲೇ ಹೇಳಿದ್ದೆ. ಇರಲಿಲ್ಲ. ಇದ್ದದ್ದು ಒಂದು ಹಳೇ ಪದ್ಧತಿ. ಅದನ್ನು ಮೇಲಿನಿಂದ ಅಪ್ಪಣೆ ಕೊಟ್ಟು ತೆಗೆದಿದ್ದರೆ, ಹಳಬರ ಸಿಟ್ಟು ಕೋಚ್ ಕಣ್ಣಿಗೆ ಬೀಳದ ಡ್ರೆಸ್ಸಿಂಗ್ ರೂಮಿನಲ್ಲಿ ಆ ಚಿಕ್ಕವರ ಮೇಲೇ ತೀರುತ್ತಿತ್ತು. ನನ್ನ ತೀರ್ಮಾನ ತಪ್ಪಿರಬಹುದು. ಆದರೆ ಭಯಕ್ಕೆ ಹಿಂದೆ ಸರಿದೆ ಅನ್ನುವ ಮಾತನ್ನು ಒಪ್ಪುವುದಿಲ್ಲ.

ಉಳಿದ ಎರಡು ಪಂದ್ಯವನ್ನೂ ಅವರು ಸೋತರು. ಕೊನೆಯದು ಓವರ್‌ಟೈಮಿನಲ್ಲಿ. ಕೋಚ್ ಈಗಲೂ ಆ ಪ್ರವಾಸ ಹಾಳಾದದ್ದು ಗೋಲ್‌ಕೀಪರ್‌ನಿಂದ ಅಂತಾರೆ.

ಊರಿಗೆ ವಾಪಸಾಗುವ ರಾತ್ರಿ ಕ್ಯಾಪ್ಟನ್‌ನಿಂದ ಮೆಸೇಜ್ ಬಂತು. "ಮುಂದಿನ ಬಾಗಿಲ ಸಂದಿಯಿಂದ ಚಳಿಗಾಳಿ ಬರುತ್ತೆ. ಆಗಲೂ ಬರ್ತಿತ್ತು. ಮರೆತೇಬಿಟ್ಟಿದ್ದೆ." ಅಷ್ಟೇ. ಆಮೇಲೆ ತಿಳಿಯಿತು, ಪಂದ್ಯ ಮುಗಿಸಿ ಹೊರಡುವ ರಾತ್ರಿಗಳಲ್ಲಿ ಹೊಸಬರಿಗೆ ತಲಾ ಎರಡು ಸೀಟು, ಹಳಬರಲ್ಲಿ ಸರದಿ ಮೇಲೆ ಕೆಲವರು ಜೋಡಿಯಾಗಿ ಕೂರುವುದು ಅಂತ ಮಾಡಿಕೊಂಡರಂತೆ. ಹಿಂದಿನ ಸಾಲಿನಲ್ಲಿ ತನ್ನ ಸೀಟನ್ನು ಮಾತ್ರ ಅವನು ಬಿಟ್ಟುಕೊಡಲಿಲ್ಲ. ಬ್ಯಾಗು ಹೊರುವುದು ಹೊಸಬರದ್ದೇ ಉಳಿಯಿತು.

ಜನವರಿಯಲ್ಲಿ ಅವನು ಹೆದರಿದ್ದಂತೆಯೇ ಬೇರೆ ತಂಡಕ್ಕೆ ಕಳಿಸಿದರು. ಫೋನ್ ಮಾಡಿದಾಗ, ಅಲ್ಲಿ ಬಸ್ಸಿನಲ್ಲಿ ಎಲ್ಲಿ ಕೂತೆ ಎಂದು ಕೇಳಿದೆ.

"ಮಧ್ಯದಲ್ಲಿ" ಅಂದ. "ಇಲ್ಲಿ ನಾನು ಹೊಸಬ ಅಲ್ವಾ."